ಆಯಿಲ್ ತುಂಬಿಸಿದರೂ ಬ್ರೇಕ್ ಮೆತ್ತಗೆ

ಪ್ರಶ್ನೆ: ಅಪ್ಪನ 1985ರ ಪ್ರೀಮಿಯರ್ ಪದ್ಮಿನಿ ಇದೆ. ಬ್ರೇಕ್ ತುಳಿದರೆ ಕಲಸಿದ ಹಿಟ್ಟಿನ ಮೇಲೆ ಕಾಲಿಟ್ಟಂತಾಗುತ್ತದೆ. ಮೂರನೆಯ ಸಲಕ್ಕೆ ಹಿಡಿಯುತ್ತದೆ. ಬ್ರೇಕ್ ಆಯಿಲ್ ಇಳಿದಿತ್ತು, ತುಂಬಿಸಿದೆ. ಆದರೂ ಹಾಗೆಯೇ ಇದೆ. ಬ್ರೇಕ್ ಪೈಪಿನೊಳಗಿನ ಗಾಳಿಯನ್ನು ಮನೆಯಲ್ಲೇ ತೆಗೆಯಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತೆಗೆಯಬಹುದು. ಆದರೆ ಇಳಿದ ಆಯಿಲ್ ಹೋದದ್ದೆಲ್ಲಿಗೆ? ನಿಮ್ಮ ಗಾಡಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ಮಿಗೆ ಒತ್ತುವ ಬ್ರೇಕ್ ಶೂ ಸವೆದ ಮಾತ್ರಕ್ಕೆ ಆಯಿಲ್ ಅಷ್ಟೊಂದು ಇಳಿಯುವುದಿಲ್ಲ. ಟೈರಿನ ಒಳಮಗ್ಗುಲು ಒದ್ದೆಯಿದ್ದರೆ ಚಕ್ರದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಪ್ ಹೋಗಿದೆ. ಮೊದಲು ಅದನ್ನು ಬದಲಿಸಿ. ಶೂ ಸಡಿಲವಿದ್ದರೂ ಪೆಡಲ್ ಕೆಳಗಿಳಿಯುತ್ತದೆ, ಆದರೆ ಇಳಿದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಿಟ್ಟಿನಂತಿದೆ ಎಂದಿರಲ್ಲ, ಅದು ಗಾಳಿಯೇ.

ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರುಮಾಡಿ, ನಂತರ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಒಳಬದಿಯಲ್ಲಿರುವ, ಗಾಳಿ ಬಿಡುವ ನಿಪ್ಪಲಿಗೆ ಮೀನಿನ ತೊಟ್ಟಿಯ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ಸಡಿಲಿಸಬೇಕು, ಬಿಗಿದ ಮೇಲಷ್ಟೇ ಅವರು ಕಾಲೆತ್ತಬೇಕು. ನಮ್ಮ ಮನೆಯಲ್ಲಿ ಪೆಡಲ್ ತುಳಿಯುವವಳು ನನ್ನ ಹೆಂಡತಿ. ಒಮ್ಮೆ ಕುಕ್ಕರ್ ಮೂರನೆಯ ಸೀಟಿ ಹಾಕಿತೆಂದು ಕಾಲೆತ್ತಿ ಒಳಗೆ ಓಡಿದಳು. ನಿಪ್ಪಲ್ ತೆರೆದೇ ಇತ್ತು. ಪೈಪಿನಲ್ಲಿದ್ದದ್ದೆಲ್ಲ ಹಿಂದಕ್ಕೆ ಸರಿಯಿತು. ಪೈಪಿನ ತುದಿ ಮುಳುಗಿದ್ದುದರಿಂದ ಗಾಳಿಯ ಬದಲು ಆಯಿಲ್ ಒಳಹೋಯಿತು, ಬಚಾವಾದೆ. ಅಂದಿನಿಂದ ಈ ಕೆಲಸ ಅಡುಗೆ ಮುಗಿದ ಮೇಲೆಯೇ.

ಪೆಡಲನ್ನು ಪೂರ್ತಿ ನೆಲಕ್ಕೆ ತುಳಿಯಲು ಬಿಡಬೇಡಿ, ಕೆಳಗೊಂದು ಮರದ ತುಂಡಿಡಿ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಎಂದೂ ಸವರದ ಆಚೆಯ ಭಾಗ ತುಕ್ಕು ಹಿಡಿದಿರುತ್ತದೆ, ಕಪ್ ಅಲ್ಲಿಗೆ ಹೋದರೆ ಹರಿಯುತ್ತದೆ. ನಾಲ್ಕೈದು ಸಲ ತುಳಿಸಿದಾಗಲೆಲ್ಲ ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿ ನೋಡಿ; ಅದು ಖಾಲಿಯಾದರೆ ಮತ್ತೆ ಮೊದಲಿನಿಂದ. ಹೊರಬಂದ ಆಯಿಲನ್ನು, ಎಷ್ಟೇ ತಿಳಿಯಾಗಿ ಕಂಡರೂ, ವಾಪಸು ಹಾಕಬೇಡಿ. ಅದು ನೀರು ಹೀರುವ ವಸ್ತು. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಗೂ ಕುದಿಯದು, ತೇವ ಹೀರಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಆವಿಯಾಗಿ ಬ್ರೇಕ್ ಹಿಡಿಯದು. ನಿಮ್ಮೂರಿನವರು ಆಗುಂಬೆ ಘಾಟಿ ಇಳಿಯುವವರು, ಹೆಚ್ಚು ಹೇಳಬೇಕಿಲ್ಲ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಗುಳ್ಳೆ ನಿಂತ ಮೇಲೆ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಸೋರಿಕೆ ಎಲ್ಲೂ ಇಲ್ಲದೆಯೂ ಮೆಲ್ಲಗೆ ಇಳಿಯುತ್ತಲೇ ಹೋದರೆ ಮಾಸ್ಟರ್ ಸಿಲಿಂಡರಿನ ಕಪ್ ಸವೆದಿದೆ. ಆಗ ಗಾಡಿಯನ್ನು ನೀವೇ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.