ಮುಖ ಆಮೇಲೆ, ಮೊದಲು ಬೆನ್ನು ನೋಡಿ

ಹೋದ ಸಂಚಿಕೆಯಲ್ಲಿ ಅನಿಮೆ ಫಿಗರ್ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆಯೇ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಮೀಸಲು. ಗೊತ್ತಿಲ್ಲದವರಿಗೆ ಒಂದು ಮಾತು: ಜಪಾನಿನ ಅನಿಮೆ (ಕಾರ್ಟೂನ್), ಮಾಂಗಾ (ಕಾಮಿಕ್ಸ್), ಗೇಮ್‌ಗಳ ಪಾತ್ರಗಳನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿ, ಬಣ್ಣ ಹಚ್ಚಿ ಮಾರುವ ಗೊಂಬೆಗಳಿಗೆ ಫಿಗರ್ ಅನ್ನುತ್ತಾರೆ. ಆಡೋದಕ್ಕಿಂತ ಇಟ್ಟು ನೋಡೋದಕ್ಕೇ ಜಾಸ್ತಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಎರಡನೇ ವರ್ಷ. ನನ್ನ ಹತ್ತಿರ ಆರು ಫಿಗರ್ ಇವೆ. ಕನ್ನಡದಲ್ಲಿ ಇವುಗಳ ರಿವ್ಯೂ ಮಾಡಬೇಕು ಅಂತ ಆಸೆ. ಆದರೆ ಬರೆಯಲು ಕೂತರೆ "ಪೇಂಟ್ ಸೂಪರ್, ತುಂಬಾ ಚೆನ್ನಾಗಿದೆ" ಬಿಟ್ಟು ಬೇರೇನೂ ಹೊಳೆಯೋದಿಲ್ಲ. ಏನನ್ನು ನೋಡಬೇಕು?
— ಓದುಗ, ದಾವಣಗೆರೆ

ಮುಖ ನೋಡಬೇಡಿ. ಅಂದರೆ, ಮೊದಲು ನೋಡಬೇಡಿ. ತಯಾರಕರ ಗಮನವೆಲ್ಲ ಇರೋದು ಅಲ್ಲೇ. ಕಣ್ಣನ್ನು ಸಾಮಾನ್ಯವಾಗಿ ಕುಂಚದಿಂದ ಬರೆಯುವುದಿಲ್ಲ, ಮೆತ್ತನೆ ಪ್ಯಾಡ್‌ನಿಂದ ಅಚ್ಚೊತ್ತುತ್ತಾರೆ, ಅಚ್ಚು ಸರಿಯಾಗಿ ಕೂತರೆ ಮುಖ ಚೆನ್ನಾಗಿಯೇ ಬರುತ್ತದೆ. ನೀವು ಫಿಗರನ್ನು ತಿರುಗಿಸಿ. ಕೂದಲಿನ ಎರಡು ಭಾಗ ಸೇರುವ ಕಡೆ ಗೆರೆ ಎದ್ದು ಕಾಣುತ್ತದಾ? ಬಿಳಿ ಕಾಲರ್ ಮುಗಿದು ನೀಲಿ ಅಂಗಿ ಶುರುವಾಗುವಲ್ಲಿ ಬಣ್ಣ ಆಚೀಚೆ ಹರಡಿದೆಯಾ? ಲಂಗದ ಒಳಮಗ್ಗುಲಿಗೆ ಬಣ್ಣ ಇದೆಯಾ, ಇಲ್ಲಾ ಯಾರು ನೋಡ್ತಾರೆ ಅಂತ ಬಿಟ್ಟಿದ್ದಾರಾ? ಕೂದಲ ತುದಿಗೆ ಹೋಗುತ್ತಾ ಬಣ್ಣ ತಿಳಿಯಾಗುತ್ತದಾ, ಅಥವಾ ಒಂದೇ ಬಣ್ಣದ ಪ್ಲಾಸ್ಟಿಕ್ ಸುರಿದು ಕೈತೊಳೆದುಕೊಂಡಿದ್ದಾರಾ? ಇದನ್ನೆಲ್ಲ ಕಿಟಕಿ ಪಕ್ಕ, ಹಗಲು ಬೆಳಕಲ್ಲಿ ನೋಡಿ. ರಿಂಗ್‌ಲೈಟ್ ಹಾಕಿದರೆ ಎಲ್ಲ ಫಿಗರೂ ಮದುವೆ ಹೆಣ್ಣಿನ ಹಾಗೇ ಕಾಣುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಅನಿಮೆ ಪಾತ್ರ ಹುಟ್ಟಿದ್ದು ಕಾಗದದ ಮೇಲೆ. ಮಾಂಗಾ ಕಲಾವಿದ ಒಸಾಮು ತೆಜುಕಾ ಅವರ ಆಸ್ಟ್ರೋ ಬಾಯ್ ಗೊತ್ತಲ್ಲ, ಅವನ ತಲೆ ಮೇಲೆ ಕೊಂಬಿನಂಥ ಎರಡು ಕೂದಲ ಮೊನೆ ಇವೆ. ಅವನು ಯಾವ ಕಡೆ ತಿರುಗಲಿ, ಚಿತ್ರದಲ್ಲಿ ಎರಡೂ ಕಾಣುತ್ತವೆ! ಕಾಗದದ ಮೇಲೆ ಅದು ನಡೆಯುತ್ತದೆ. ಕೈಲಿ ಹಿಡಿಯುವ ಗೊಂಬೆಯಲ್ಲಿ ನಡೆಯಲ್ಲ. ಮೂಗೂ ಅಷ್ಟೇ, ಎದುರಿಂದ ಬರೆದಾಗ ಒಂದು ಚುಕ್ಕೆ, ಪಕ್ಕದಿಂದ ಬರೆದಾಗ ಚೂಪು. ಶಿಲ್ಪಿ ಇದರಲ್ಲಿ ಯಾವುದೋ ಒಂದು ಕೋನವನ್ನು ನೆಚ್ಚಿಕೊಳ್ಳಬೇಕಾಗುತ್ತದೆ, ಉಳಿದ ಕಡೆ ಹೊಂದಾಣಿಕೆ ಮಾಡಿಕೊಳ್ಳುತ್ತಾನೆ. ಆ ಕೋನ ಯಾವುದು ಅಂತ ಹುಡುಕೋದೇ ರಿವ್ಯೂ ಬರೆಯುವವರ ಕೆಲಸ. ಟೇಬಲ್ ಮೇಲಿಟ್ಟು ಸುತ್ತ ಒಂದು ಸುತ್ತು ಬನ್ನಿ. ಎಲ್ಲಿಂದ ನೋಡಿದರೆ ಅದು ಆ ಪಾತ್ರವೇ ಅನ್ನಿಸುತ್ತದೆ, ಎಲ್ಲಿಂದ ನೋಡಿದರೆ ಯಾರೋ ಪಕ್ಕದ ಮನೆಯವರು ಅನ್ನಿಸುತ್ತದೆ, ಅದನ್ನು ಬರೆಯಿರಿ. ಅಲ್ಲಿಗೆ "ಸೂಪರ್" ಅನ್ನೋ ಪದ ತಾನಾಗಿಯೇ ಬಿಟ್ಟುಹೋಗುತ್ತದೆ.

ಆಮೇಲೆ ನಿಲ್ಲಿಸಿ ನೋಡಿ. ನನ್ನ ಹತ್ತಿರ ಸುಮಾರು ಹತ್ತು ಸೆಂಟಿಮೀಟರಿನ ಒಂದು ದೊಡ್ಡ ತಲೆಯ ಫಿಗರ್ ಇದೆ, ಸೊಂಟ ದಾಟಿ ಇಳಿಯುವ ಎರಡು ಜಡೆ. ನೋಡೋಕೆ ಮುದ್ದು. ಆದರೆ ಜಡೆಯ ಭಾರಕ್ಕೆ ಫ್ಯಾನ್ ನಾಲ್ಕರಲ್ಲಿಟ್ಟರೆ ಹಿಂದಕ್ಕೆ ಮಗುಚಿಕೊಳ್ಳುತ್ತಾಳೆ. ಮಣಿಕಟ್ಟಿಗೆ ಅಂಗೈ ಸಿಕ್ಕಿಸುವ ಪೆಗ್ ಬೆಂಕಿಕಡ್ಡಿಗಿಂತ ಸಣ್ಣದು. ಗೊಂಬೆಯ ಕೈ ತೆಗೆದು ಬೇರೆ ಕೈ ಹಾಕುವಾಗ ನೇರ ಎಳೆಯೋದು ಬಿಟ್ಟು ತಿರುಚಿದೆ, ಟಕ್ ಅಂತ ಮುರಿಯಿತು. ತಪ್ಪು ನನ್ನದೇ. ಆದರೆ "ಬ್ಯಾಲೆನ್ಸ್ 10ಕ್ಕೆ 6" ಅಂತ ಅಂಕ ಕೊಡೋದಕ್ಕಿಂತ ಆ ಫ್ಯಾನಿನ ವಿಷಯ ಬರೆದರೆ ಓದುವವರಿಗೆ ಜಾಸ್ತಿ ಗೊತ್ತಾಗುತ್ತದೆ, ಅಲ್ವಾ?

ಪ್ರಶ್ನೆ: ಬುಕ್ ಮಾಡುವಾಗ ಫೋಟೊದಲ್ಲಿ ಒಂದೊಂದು ಕೂದಲಿಗೂ ನೆರಳು ಕೊಟ್ಟಿದ್ದರು. ಮನೆಗೆ ಬಂದದ್ದು ಸ್ವಲ್ಪ ಮಂಕಾಗಿದೆ. ಇದು ಮೋಸ ಅಲ್ವಾ?
— ಓದುಗಿ, ಶಿವಮೊಗ್ಗ

ಮೋಸ ಅನ್ನಲಾರೆ. ಆ ಫೋಟೊದಲ್ಲಿದ್ದದ್ದು ನಿಮ್ಮ ಫಿಗರ್ ಅಲ್ಲ, ಅದರ ಅಕ್ಕ. ಮೊದಲು ಶಿಲ್ಪಿ ಒಂದು ಮಾದರಿ ಮಾಡುತ್ತಾರೆ. ಜಪಾನಿನ ಚಿಬಾದ ಮಕುಹಾರಿ ಮೆಸ್ಸೆ ಸಭಾಂಗಣದಲ್ಲಿ ವರ್ಷಕ್ಕೆರಡು ಸಲ ನಡೆಯುವ ವಂಡರ್ ಫೆಸ್ಟಿವಲ್ ಅನ್ನೋ ಫಿಗರ್ ಮೇಳದಂಥ ಕಡೆ ಅದನ್ನು ಬಣ್ಣ ಹಚ್ಚದೆ ಬೂದು ಬಣ್ಣದಲ್ಲೇ ಪ್ರದರ್ಶನಕ್ಕಿಡೋದುಂಟು. ಆಮೇಲೆ ನುರಿತವರೊಬ್ಬರು ಕೂತು ಅದಕ್ಕೆ ಕೈಯಾರೆ ಬಣ್ಣ ಹಚ್ಚುತ್ತಾರೆ. ಜಾಹೀರಾತಿನ ಫೋಟೊ ಅದರದ್ದು. ಬುಕಿಂಗ್ ತೆಗೆಯುವ ಹೊತ್ತಿಗೆ ಕಾರ್ಖಾನೆಯಲ್ಲಿ ನಿಮ್ಮ ಪೀಸ್ ಹುಟ್ಟಿಯೇ ಇರುವುದಿಲ್ಲ, ಕೈಗೆ ಬರೋದಕ್ಕೆ ತಿಂಗಳುಗಟ್ಟಲೆ, ಎಷ್ಟೋ ಸಲ ಒಂದು ವರ್ಷವೇ ಬೇಕು. ಅಷ್ಟೊಂದು ಪೀಸ್ ಮಾಡುವಾಗ ಒಬ್ಬರ ಕೈಕೆಲಸ ಹತ್ತಾರು ಕೈಗಳಿಗೆ ಹಂಚಿಹೋಗುತ್ತದೆ. ಅದಕ್ಕೇ ಫೋಟೊಗೂ ಮಾಲಿಗೂ ವ್ಯತ್ಯಾಸ ಇರಬಹುದು ಅಂತ ಮೊದಲೇ ಬರೆದಿರುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ.

ಆದರೆ ವ್ಯತ್ಯಾಸ ಎಷ್ಟು ಅನ್ನೋದು ದೊಡ್ಡ ಪ್ರಶ್ನೆಯೇ. ಅದೇ ಕೋನದಲ್ಲಿ ನಿಮ್ಮ ಪೀಸಿನ ಫೋಟೊ ತೆಗೆದು ಪಕ್ಕಪಕ್ಕ ಇಡಿ. ಫಿಗರ್ ಕೈಗೆ ಬರೋ ಮೊದಲೇ ಕಂಪನಿ ಫೋಟೊ ನೋಡಿ "ರಿವ್ಯೂ" ಬರೆಯೋರಿದ್ದಾರೆ, ಅದಕ್ಕೆ ನನ್ನ ಹತ್ತಿರ ಬೇರೆ ಹೆಸರಿದೆ, ಪತ್ರಿಕೆಯಲ್ಲಿ ಬರೆಯೋ ಹಾಗಿಲ್ಲ.

ಪ್ರಶ್ನೆ: ಪ್ರೈಜ್ ಫಿಗರ್‌ಗೂ ಸ್ಕೇಲ್ ಫಿಗರ್‌ಗೂ ಒಂದೇ ಅಳತೆಗೋಲು ಇಡಬಹುದಾ?
— ಓದುಗ, ಹುಬ್ಬಳ್ಳಿ

ಮುಖಕ್ಕೆ ಒಂದೇ ಅಳತೆ, ಉಳಿದದ್ದಕ್ಕೆ ಬೇರೆ. ಪ್ರೈಜ್ ಫಿಗರ್ ಹುಟ್ಟಿದ್ದೇ ಕ್ರೇನ್ ಯಂತ್ರದೊಳಗೆ ಕೂರೋದಕ್ಕೆ. ಸೆಗಾ ಅನ್ನೋ ಗೇಮ್ ಕಂಪನಿಯವರು 1985ರಲ್ಲಿ ತಂದ ಯುಎಫ್‌ಒ ಕ್ಯಾಚರ್ ಇದೆಯಲ್ಲ, ಕಾಸು ಹಾಕಿ ಕೊಕ್ಕೆಯಲ್ಲಿ ಎತ್ತೋದು, ಅದರ ಬಹುಮಾನ ಇದು. ಬಾನ್‌ಪ್ರೆಸ್ಟೊ, ಟೈಟೊ, ಫುರ್ಯು ಹೆಸರುಗಳಲ್ಲಿ ಬರೋದು ಹೆಚ್ಚಾಗಿ ಇಂಥವೇ. ಖರ್ಚು ಹಿಡಿತದಲ್ಲಿಟ್ಟು ಮಾಡಿದ್ದು, ಬೆನ್ನಲ್ಲಿ ಗೆರೆ ಕಂಡರೆ ಆಶ್ಚರ್ಯ ಇಲ್ಲ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವಾಗ ಮೇಜಿನ ಬಟ್ಟೆ ಎಲ್ಲಿ ಅಂತ ಕೇಳ್ತೀವಾ?

ಸ್ಕೇಲ್ ಫಿಗರ್ ಹಾಗಲ್ಲ. ಅಲ್ಲಿ ಪಾತ್ರದ ಎತ್ತರದ ಇಂತಿಷ್ಟು ಪಾಲು ಅಂತ ಲೆಕ್ಕ ಇದೆ. 1/8 ಅಂದರೆ 160 ಸೆಂಟಿಮೀಟರ್ ಎತ್ತರದ ಪಾತ್ರ 20 ಸೆಂಟಿಮೀಟರ್ ಆಗುತ್ತದೆ, 1/7 ಆದರೆ 23ರ ಹತ್ತಿರ. ಹತ್ತು ಸಾವಿರದ ಮೇಲೆ ಕೊಟ್ಟಿದ್ದರೆ ಭೂತಗನ್ನಡಿ ಹಿಡಿದು ಬೈಯಿರಿ, ನಿಮಗೆ ಹಕ್ಕಿದೆ. ಕೈಕಾಲು ಮಡಚುವ ಫಿಗ್ಮಾ ಥರದ್ದಾದರೆ ನೋಡುವ ಬಗೆಯೇ ಬೇರೆ: ಮೊಣಕೈ ಎಷ್ಟು ಮಡಚುತ್ತದೆ, ಒಂದು ಭಂಗಿಯಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಹಾಗೇ ಇರುತ್ತದಾ.

ಪ್ರಶ್ನೆ: ಆನ್‌ಲೈನ್‌ನಲ್ಲಿ 700 ರೂಪಾಯಿಗೆ ಡ್ರ್ಯಾಗನ್ ಬಾಲ್‌ನ ಗೋಕು ಸಿಕ್ಕಿದ. ಡಬ್ಬದ ಮೇಲೆ ಮೇಡ್ ಇನ್ ಚೈನಾ ಅಂತಿದೆ. ಡೂಪ್ಲಿಕೇಟಾ?
— ಓದುಗ, ತುಮಕೂರು

ಚೈನಾ ಅಂತ ಇದ್ದ ಮಾತ್ರಕ್ಕೆ ಡೂಪ್ಲಿಕೇಟ್ ಅಲ್ಲ. ಅಸಲಿ ಫಿಗರ್‌ಗಳಲ್ಲೂ ಬಹುಪಾಲು ತಯಾರಾಗೋದು ಅಲ್ಲೇ. ಆದರೆ 700 ರೂಪಾಯಿ ಅಂದಾಗಲೇ ನನಗೆ ಅನುಮಾನ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದು ನೆನಪಿರಲಿ. ಅಷ್ಟೆಲ್ಲ ಆಗಿಯೂ ಆ ಬೆಲೆಗೆ ಗೋಕು ಹೇಗೆ ಬಂದಾನು?

ಕೈಯಲ್ಲಿ ಹಿಡಿದು ನೋಡಿ. ಚರ್ಮ ಎಣ್ಣೆ ಸವರಿದ ಹಾಗೆ ಹೊಳೆಯುತ್ತದಾ? ಅಸಲಿಯಲ್ಲಿ ಚರ್ಮ ಸಾಮಾನ್ಯವಾಗಿ ಹೊಳಪಿಲ್ಲದೆ ಮೆತ್ತಗೆ ಕಾಣುತ್ತದೆ. ಕಾಲು ಅಡಿಯ ಸ್ಟ್ಯಾಂಡಿನ ತೂತಿಗೆ ಕೂರುತ್ತದಾ? ಡಬ್ಬದ ಮೇಲೆ ತಯಾರಕರ ಹೆಸರಿದೆಯಾ, ಮುದ್ರಣ ಮಸುಕಾಗಿದೆಯಾ? ಡ್ರ್ಯಾಗನ್ ಬಾಲ್, ಒನ್ ಪೀಸ್ ಡಬ್ಬಗಳಲ್ಲಿ ಆ ಅನಿಮೆಗಳನ್ನು ಮಾಡುವ ತೊಯೆ ಅನಿಮೇಷನ್ನಿನ ಹೊಳೆಯುವ ಸ್ಟಿಕ್ಕರ್ ಇರುವುದುಂಟು, ಆದರೆ ಸ್ಟಿಕ್ಕರನ್ನೂ ನಕಲು ಮಾಡುತ್ತಾರೆ, ಅದೊಂದನ್ನೇ ನಂಬಬೇಡಿ. ನಾನೂ ಒಮ್ಮೆ ಬಿದ್ದಿದ್ದೇನೆ. ಡಬ್ಬ ತೆಗೆದ ಕೂಡಲೇ ಹೊಸ ರೆಕ್ಸಿನ್ ಸೀಟಿನ ವಾಸನೆ, ಒಂದು ಕಣ್ಣು ಹುಬ್ಬಿನ ಹತ್ತಿರ, ಇನ್ನೊಂದು ಕೆನ್ನೆ ಮೇಲೆ. ಮಾರಿದವರು ಆಮೇಲೆ ಮೆಸೇಜಿಗೆ ಉತ್ತರವನ್ನೇ ಕೊಡಲಿಲ್ಲ. ನಿಮ್ಮದೂ ಡೂಪ್ಲಿಕೇಟೇ ಅಂತಾದರೆ ಡೂಪ್ಲಿಕೇಟ್ ಅಂತಲೇ ಹೇಳಿ ರಿವ್ಯೂ ಮಾಡಿ. ಇನ್ನೊಬ್ಬರ ದುಡ್ಡು ಉಳಿಯುತ್ತದೆ.

ಪ್ರಶ್ನೆ: ಮೂರು ವರ್ಷದ ಹಿಂದೆ ತಗೊಂಡ ಫಿಗರ್ ಮುಟ್ಟಿದರೆ ಅಂಟಂಟು. ಸ್ವಲ್ಪ ಮುಂದಕ್ಕೂ ಬಾಗಿದೆ. ಕಾರಣ ಏನು?
— ಓದುಗ, ಕಲಬುರಗಿ

ನಿಮ್ಮೂರಿನ ಬೇಸಿಗೆ. ಫಿಗರ್‌ನ ಹೆಚ್ಚಿನ ಭಾಗ ಪಿವಿಸಿ. ಅದು ಮೆತ್ತಗಿರಲಿ ಅಂತ ಸೇರಿಸುವ ರಾಸಾಯನಿಕ ನಿಧಾನಕ್ಕೆ ಹೊರಗೆ ಜಿನುಗುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಗಾಳಿಯಾಡದ ಡಬ್ಬದಲ್ಲಿಟ್ಟರೆ ಅದು ಅಲ್ಲೇ ಕೂರುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೃದು ಬ್ರಷ್‌ನಿಂದ ತೊಳೆದು, ನೆರಳಲ್ಲಿ ಒಣಗಿಸಿ. ಸ್ಪಿರಿಟ್, ಥಿನ್ನರ್ ಬೇಡವೇ ಬೇಡ, ಬಣ್ಣ ಕಿತ್ತು ಬರುತ್ತದೆ. ಬಾಗಿದ ಕಾಲನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದಾಗ ನೇರ ಮಾಡಿ, ಹಿಡಿದುಕೊಂಡೇ ತಣ್ಣೀರಲ್ಲಿ ಅದ್ದಿ. ಪೂರ್ತಿ ಸರಿಹೋಗುತ್ತದೆ ಅಂತ ಮಾತು ಕೊಡಲಾರೆ, ಎಷ್ಟೋ ಸಲ ಮತ್ತೆ ಬಾಗುತ್ತದೆ.

ಮೂರು ವರ್ಷದ ನಂತರ ಹೇಗಿದೆ ಅಂತ ಬರೆಯೋರು ತೀರಾ ಕಡಿಮೆ. ನೀವು ಬರೆಯಿರಿ, ನಾನಂತೂ ಓದುತ್ತೇನೆ.

ಪ್ರಶ್ನೆ: ಡಬ್ಬ ತೆಗೆಯದೇ ರಿವ್ಯೂ ಮಾಡಬಹುದಾ? ತೆಗೆದರೆ ಬೆಲೆ ಇಳಿಯುತ್ತದಲ್ಲ.
— ಓದುಗ, ಬೆಂಗಳೂರು

ಡಬ್ಬದ ರಿವ್ಯೂ ಮಾಡಬಹುದು. ತಮಾಷೆಯಲ್ಲ, ಜಪಾನಿನ ಅಮಿಅಮಿ ಅಂಗಡಿಯವರು ಹಳೇ ಫಿಗರ್ ಮಾರುವಾಗ ಗೊಂಬೆಗೊಂದು, ಡಬ್ಬಕ್ಕೊಂದು ದರ್ಜೆ ಕೊಡುತ್ತಾರೆ.

ಪ್ರಶ್ನೆ: ನನ್ನ ಮಗನ ರೂಮು ತುಂಬಾ ಈ ಗೊಂಬೆಗಳೇ. ದಸರಾದಲ್ಲಿ ನಮ್ಮ ಗೊಂಬೆಗಳ ಜೊತೆ ಇವನ್ನೂ ಕೂರಿಸೋಣ ಅಂದರೆ ಅವನು ಹೌಹಾರುತ್ತಾನೆ. ಇಡಬಾರದಾ?
— ಒಬ್ಬ ತಾಯಿ, ಮೈಸೂರು

ಧಾರಾಳವಾಗಿ ಇಡಿ ಅಮ್ಮ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ, ಕತ್ತಿ ಹಿಡಿದವರೆಲ್ಲ ಕೆಳಗೆ ಕಾವಲಿಗೆ. ಆದರೆ ನಿಮ್ಮ ಮಗನ ಭಯದಲ್ಲೂ ಅರ್ಥ ಇದೆ. ಹತ್ತಿರ ದೀಪ ಇಡಬೇಡಿ, ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅರಿಶಿನ ಕುಂಕುಮ ಹಚ್ಚಬೇಡಿ, ಬಣ್ಣ ಇಳಿದರೆ ಹೋಗೋದು ಕಷ್ಟ. ಮತ್ತೆ ಎತ್ತುವಾಗ ಕೂದಲು ಹಿಡಿದು ಎತ್ತಬೇಡಿ, ಅಡಿಯ ಸ್ಟ್ಯಾಂಡ್ ಹಿಡಿದು ಎತ್ತಿ. ಅಷ್ಟಕ್ಕೂ ಅವನು ಒಪ್ಪದಿದ್ದರೆ ಕೂರಿಸುವ ಕೆಲಸ ಅವನಿಗೇ ವಹಿಸಿಬಿಡಿ.