ಆ ಪಾರ್ಕಿಂಗ್ ಲಾಟ್‌ನಿಂದ ಶುರು ಮಾಡಿ

ನಮಸ್ಕಾರ,

ಟೆಕ್ಸಸ್‌ನ ಫ್ರಿಸ್ಕೊದಿಂದ ನೀವು ಕಳಿಸಿದ ‘ಯೂರೋಪೋ, ಅಮೆರಿಕವೋ?’ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಎಳೆಯ ಫುಟ್‌ಬಾಲ್ ಆಟಗಾರರು ಯೂರೋಪಿನ ಕ್ಲಬ್‌ಗಳಿಗೆ ಹೋಗಬೇಕೋ, ತಮ್ಮದೇ ದೇಶದ ಎಂಎಲ್‌ಎಸ್ ಲೀಗಿನಲ್ಲಿ ಉಳಿಯಬೇಕೋ ಎನ್ನುವುದು ನಿಮ್ಮ ವಿಷಯ. ಹೋಗಲೇಬೇಕು, ಉಳಿಯುವವರಿಗೆ ಧೈರ್ಯ ಸಾಲದು ಎನ್ನುವುದು ನಿಮ್ಮ ತೀರ್ಮಾನ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅಷ್ಟೇ ಹೇಳಿ ಸುಮ್ಮನಿರಲು ಮನಸ್ಸು ಬರಲಿಲ್ಲ. ಕೊನೆಯ ಪುಟದಲ್ಲಿ ನೀವು ಬರೆದ ಮೂರು ಸಾಲು ನನ್ನನ್ನು ಹಿಡಿದುಕೊಂಡಿವೆ.

ಮಗನ ಪ್ರಾಕ್ಟೀಸ್ ಮುಗಿಯಲಿ ಅಂತ ನೀವು ಕಾರಿನ ಪಕ್ಕ ಕಾಯುತ್ತಿದ್ದೀರಿ. ಇನ್ನೊಬ್ಬ ಹುಡುಗನ ತಂದೆ ಫೋನಿನಲ್ಲಿದ್ದಾರೆ. ಅವರ ತಾಯಿ ಹುಟ್ಟಿದ್ದು ಐರ್ಲೆಂಡಿನಲ್ಲಿ. ಆಕೆಯ ಜನನ ಪತ್ರ ಎಲ್ಲಿ ಸಿಗುತ್ತದೆ ಅಂತ ವಿಚಾರಿಸುತ್ತಿದ್ದಾರೆ. ಇಷ್ಟು ಬರೆದು, ‘ಹೀಗೆ ಪೋಷಕರ ಪರಿಶ್ರಮವೂ ಅಪಾರ’ ಎಂದು ಸೇರಿಸಿ ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ನಿಮ್ಮ ಲೇಖನ ಇರುವುದೇ ಅಲ್ಲಿ.

ಫುಟ್‌ಬಾಲ್ ಆಡುವ ಹುಡುಗನ ತಂದೆಗೆ ತಾಯಿಯ ಜನನ ಪತ್ರ ಯಾಕೆ ಬೇಕು? ನಿಮ್ಮ ಓದುಗರಿಗೆ ಇದು ತಿಳಿಯುವುದೇ ಇಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಆಟಗಾರರ ವರ್ಗಾವಣೆ ನಿಯಮಗಳ 19ನೇ ವಿಧಿಯ ಪ್ರಕಾರ 18 ತುಂಬದ ಆಟಗಾರ ಬೇರೆ ದೇಶದ ಕ್ಲಬ್‌ಗೆ ಹೋಗುವಂತಿಲ್ಲ. ಕೆಲವೇ ವಿನಾಯಿತಿಗಳಿವೆ. ತಂದೆತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಆಗಬಹುದು. ಯೂರೋಪಿಯನ್ ಒಕ್ಕೂಟದ ಒಳಗಾದರೆ 16ಕ್ಕೇ ಹೋಗಬಹುದು. ಆ ಒಕ್ಕೂಟದ ಪಾಸ್‌ಪೋರ್ಟ್ ಇರುವ ಅಮೆರಿಕದ ಹುಡುಗರು ಹಿಡಿಯುವುದು ಈ ದಾರಿಯನ್ನೇ. ಈ ಒಕ್ಕೂಟದಲ್ಲೇ ಇರುವ ಐರ್ಲೆಂಡಿನಲ್ಲಿ ಹುಟ್ಟಿದ ಅಜ್ಜಿ ಇದ್ದರೆ ಮೊಮ್ಮಗ ಅಲ್ಲಿನ ಪೌರತ್ವ ಕೇಳಬಹುದು. ಅಂದರೆ ಆ ತಂದೆ ಹುಡುಕುತ್ತಿರುವುದು ಒಂದು ಕಾಗದವನ್ನಲ್ಲ, ಮಗನಿಗೆ ಎರಡು ವರ್ಷವನ್ನು.

ಆ ಎರಡು ವರ್ಷದ ಬೆಲೆ ಎಷ್ಟು ಅಂತ ನೋಡಿ. ಕ್ರಿಸ್ಟಿಯನ್ ಪುಲಿಸಿಕ್ ಧೈರ್ಯ ಮಾಡಿ ಜರ್ಮನಿಗೆ ಹೋದ, ಅದಕ್ಕೇ ಗೆದ್ದ ಎಂದು ಬರೆದಿದ್ದೀರಿ. ಧೈರ್ಯ ಇತ್ತು, ನಿಜ. ಜೊತೆಗೆ ಅವನ ಅಜ್ಜ ಕ್ರೊಯೇಷಿಯಾದವರು. ಒಕ್ಕೂಟದಲ್ಲಿರುವ ಆ ದೇಶದ ಪೌರತ್ವ ಸಿಕ್ಕಿದ್ದರಿಂದ ಪೆನ್ಸಿಲ್ವೇನಿಯಾದ ಹರ್ಷಿಯ ಈ ಹುಡುಗ 16ನೇ ವಯಸ್ಸಿನಲ್ಲಿ ಜರ್ಮನಿಯ ಬೊರುಸ್ಸಿಯಾ ಡಾರ್ಟ್‌ಮಂಡ್ ಕ್ಲಬ್ ಸೇರಿದ. ಅವನಿಗೆ 18 ತುಂಬಿದ್ದು 2016ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾದಲ್ಲಿ ಮೊದಲ ಪಂದ್ಯ ಆಡಿದ್ದ, ಏಪ್ರಿಲಿನಲ್ಲಿ ಗೋಲು ಹೊಡೆದಿದ್ದ. ಅಜ್ಜ ಬೇರೆ ಕಡೆಯವರಾಗಿದ್ದರೆ ಆ ಏಪ್ರಿಲಿನಲ್ಲಿ ಅವನು ಇನ್ನೂ ಅಮೆರಿಕದಲ್ಲೇ ಕಾಯುತ್ತಿರುತ್ತಿದ್ದ. 2019ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಅವನನ್ನು ಕೊಳ್ಳಲು ಕೊಟ್ಟ 6.4 ಕೋಟಿ ಯೂರೋ ಬಗ್ಗೆ ನೀವು ಒಂದಿಡೀ ಪ್ಯಾರಾ ಬರೆದಿದ್ದೀರಿ. ಅಜ್ಜನಿಗೆ ಒಂದು ಸಾಲೂ ಇಲ್ಲ.

ಅಮೆರಿಕದ ಹಿಂದಿನ ಪೀಳಿಗೆಯ ಆಟಗಾರ ಲ್ಯಾಂಡನ್ ಡೊನೊವನ್ ವಿಷಯದಲ್ಲಿ ನೀವು ಮಾಡಿರುವುದು ಅನ್ಯಾಯ, ನೇರವಾಗಿಯೇ ಹೇಳುತ್ತೇನೆ. 1999ರಲ್ಲಿ 17ಕ್ಕೇ ಜರ್ಮನಿಯ ಲೆವರ್ಕುಸೆನ್ ಕ್ಲಬ್‌ಗೆ ಹೋದ, ಒಗ್ಗಲಿಲ್ಲ, 2001ರಲ್ಲಿ ಎಂಎಲ್‌ಎಸ್‌ನ ಸ್ಯಾನ್ ಹೋಸೆಗೆ ಬಂದ, 2005ರಲ್ಲಿ ಮತ್ತೆ ಹೋಗಿ ಕೆಲವೇ ಪಂದ್ಯ ಆಡಿ ಲಾಸ್ ಏಂಜಲೀಸ್‌ಗೆ ವಾಪಸಾದ. ಇದೆಲ್ಲ ಸರಿ. ‘ಮನೆ ನೆನಪಿಗೆ ಸೋತವನು’ ಎಂದು ಮುಗಿಸಿದಿರಲ್ಲ, ಅದು ಸರಿಯಲ್ಲ. ರಾಷ್ಟ್ರೀಯ ತಂಡಕ್ಕೆ 57 ಗೋಲು ಹೊಡೆದವನು ಅವನು. 2010ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಕೊನೇ ಗಳಿಗೆಯ ಗೋಲು ಅವನದು. ಆಗ ಅವನು ಎಂಎಲ್‌ಎಸ್ ಆಟಗಾರನೇ. ಮನೆಯ ನೆನಪು 17ರ ಹುಡುಗನಿಗೆ ಸಹಜ. ಊರು ಬಿಟ್ಟು ಬಂದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಇನ್ನೊಂದು ಮಾತು. ವಯಸ್ಸಿನ ಈ ನಿಯಮ ಬಂದಿದ್ದು 2001ರಲ್ಲಿ. ಡೊನೊವನ್ ಮತ್ತು ಪುಲಿಸಿಕ್ ಒಂದೇ ಬಾಗಿಲಿನಿಂದ ಹೋದವರಲ್ಲ. ಅವರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನನಗೆ ಜಾಸ್ತಿ ಬೇಸರವಾದದ್ದು ಬೇರೆ. ಲೇಖನದಲ್ಲಿ ಹನ್ನೆರಡು ಆಟಗಾರರ ಹೆಸರಿದೆ. ಎಂಎಲ್‌ಎಸ್ ಕ್ಲಬ್ ಎಫ್‌ಸಿ ಡಲ್ಲಾಸ್‌ನ ಕ್ರೀಡಾಂಗಣ ಇರುವುದು ನಿಮ್ಮ ಊರಲ್ಲೇ. ಎಳೆಯರನ್ನು ತರಬೇತು ಮಾಡುವ ಅದರ ಅಕಾಡೆಮಿಯಿಂದ ಬಂದ ಒಬ್ಬನ ಹೆಸರೂ ಇಲ್ಲ! ನೀವು ಹೇಳಲು ಹೊರಟ ಕಥೆಯ ಎಲ್ಲ ತಿರುವೂ ಆ ಒಂದು ಕ್ಲಬ್ಬಿನಲ್ಲಿ ಸಿಗುತ್ತದೆ.

ವೆಸ್ಟನ್ ಮೆಕೆನಿಯನ್ನು ತೆಗೆದುಕೊಳ್ಳಿ. ಅಪ್ಪ ಅಮೆರಿಕದ ವಾಯುಪಡೆಯಲ್ಲಿದ್ದರು. ಹಾಗಾಗಿ ಚಿಕ್ಕಂದಿನ ಕೆಲವು ವರ್ಷ ಅವನು ಜರ್ಮನಿಯಲ್ಲೇ ಬೆಳೆದ, ಅಲ್ಲಿನ ಹಳ್ಳಿಯ ಕ್ಲಬ್ಬಿನಲ್ಲೇ ಫುಟ್‌ಬಾಲ್ ಶುರು ಮಾಡಿದ. ಆಮೇಲೆ ಡಲ್ಲಾಸ್ ಅಕಾಡೆಮಿ. ಡಲ್ಲಾಸ್ ಕೊಟ್ಟ ಒಪ್ಪಂದಕ್ಕೆ ಅವನು ಸಹಿ ಹಾಕಲಿಲ್ಲ. 18 ತುಂಬಿದ ಕೂಡಲೇ, 2016ರ ಆಗಸ್ಟಿನಲ್ಲಿ, ಜರ್ಮನಿಯ ಶಾಲ್ಕೆ ಕ್ಲಬ್ ಸೇರಿದ. 2020ರಲ್ಲಿ ಇಟಲಿಯ ಯುವೆಂಟಸ್‌ಗೆ ಹೋದ. ಎಂಎಲ್‌ಎಸ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. ವರ್ಷಗಟ್ಟಲೆ ಬೆಳೆಸಿದ ಕ್ಲಬ್ಬಿಗೆ ವರ್ಗಾವಣೆ ಹಣವಾಗಿ ಏನೂ ಬರಲಿಲ್ಲ. ಇಂಥ ಆಟಗಾರರಿಗಾಗಿ ತರಬೇತಿಯ ಪರಿಹಾರ ಕೇಳುವುದಾಗಿ ಎಂಎಲ್‌ಎಸ್ ಹೇಳಿದ್ದು 2019ರಲ್ಲಿ. ಈ ಹಣದ ವಿಷಯ ನಿಮ್ಮ ಲೇಖನದಲ್ಲಿ ಬರಲೇಬೇಕು. ಅಕಾಡೆಮಿಗಳು ಹುಡುಗರಿಗೆ ಬೇಗ ಸಹಿ ಹಾಕಿಸಲು ಅವಸರ ಪಡುವುದು ಯಾಕೆ ಅಂತ ಆಗ ಓದುಗರಿಗೆ ಅರ್ಥವಾಗುತ್ತದೆ.

ರಿಕಾರ್ಡೊ ಪೆಪಿಯದು ಇನ್ನೊಂದು ದಾರಿ. ಎಲ್ ಪಾಸೊ ಕಡೆಯ ಹುಡುಗ. ಮೊದಲು ಡಲ್ಲಾಸ್‌ಗೆ ಆಡಿದ. 2021ರಲ್ಲಿ 13 ಗೋಲು ಹೊಡೆದು ಎಂಎಲ್‌ಎಸ್‌ನ ವರ್ಷದ ಯುವ ಆಟಗಾರನಾದ. 2022ರ ಜನವರಿಯಲ್ಲಿ, ಇನ್ನೂ 19 ತುಂಬುವ ಮೊದಲೇ, ಜರ್ಮನಿಯ ಆಗ್ಸ್‌ಬರ್ಗ್ ಅವನನ್ನು ದೊಡ್ಡ ಮೊತ್ತಕ್ಕೆ ಕೊಂಡಿತು. ಅಲ್ಲಿ ಅವನಿಗೆ ಒಂದೂ ಗೋಲು ಬರಲಿಲ್ಲ. ಯಾಕೆ? ನಿಮ್ಮಂಥ ಬರಹಗಾರರು ಇಲ್ಲಿ ನಿಧಾನಿಸಬೇಕು. ಎಂಎಲ್‌ಎಸ್ ವಸಂತದಲ್ಲಿ ಶುರುವಾಗಿ ಚಳಿಗಾಲಕ್ಕೆ ಮುಗಿಯುತ್ತಿತ್ತು. ಜನವರಿಯಲ್ಲಿ ಜರ್ಮನಿಯ ಸೀಸನ್ ಅರ್ಧ ಮುಗಿದಿರುತ್ತದೆ. ತಂಡ ಆಗಲೇ ಒಗ್ಗಿಕೊಂಡಿರುತ್ತದೆ. ಮೇಲಾಗಿ ಅಲ್ಲಿ ಕೊನೆಗೆ ಬಿದ್ದವರು ಕೆಳಗಿನ ಲೀಗಿಗೆ ಇಳಿಯಬೇಕು. ನಮ್ಮ ಓದುಗರಿಗೆ ಐಪಿಎಲ್ ಉದಾಹರಣೆ ಕೊಡಿ. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ತಂಡ ಆಡುತ್ತದೆ. ಎಂಎಲ್‌ಎಸ್ ಕೂಡ ಹಾಗೇ. ಅಲ್ಲಿ ಕೋಚ್ ಒಬ್ಬ ಹುಡುಗನಿಗಾಗಿ ಕಾಯಬಹುದು. ಕೆಳಗಿಳಿಯುವ ಭಯವಿರುವ ತಂಡದ ಕೋಚ್‌ಗೆ ಕಾಯಲು ಪುರುಸೊತ್ತಿಲ್ಲ.

ಪೆಪಿ ಎರವಲಿನ ಮೇಲೆ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ಗೆ ಹೋದ. ಅಲ್ಲಿ ಗೋಲುಗಳು ಮತ್ತೆ ಬಂದವು. ಆದರೂ 2022ರ ವಿಶ್ವಕಪ್ ತಂಡದಲ್ಲಿ ಅವನ ಹೆಸರಿರಲಿಲ್ಲ. ಆ ತಂಡದಲ್ಲಿದ್ದವನು ಯಾರು ಗೊತ್ತಾ? ಡಲ್ಲಾಸ್ ಬಿಡದೆ ಆಡುತ್ತಿದ್ದ ಜೀಸಸ್ ಫೆರೇರಾ. ಆ ವರ್ಷ ಎಂಎಲ್‌ಎಸ್‌ನಲ್ಲಿ 18 ಗೋಲು ಹೊಡೆದಿದ್ದ. ನೆದರ್‌ಲ್ಯಾಂಡ್ಸ್ ವಿರುದ್ಧದ ನಾಕೌಟ್ ಪಂದ್ಯದಲ್ಲಿ ಮೊದಲ ಹನ್ನೊಂದರಲ್ಲಿ ಇಳಿದ, ಅರ್ಧಕ್ಕೆ ಹೊರಬಂದ. ಪೆಪಿ ಮುಂದಿನ ವರ್ಷ ನೆದರ್‌ಲ್ಯಾಂಡ್ಸ್‌ನದೇ ಪಿಎಸ್‌ವಿ ಕ್ಲಬ್ ಸೇರಿ ಡಚ್ ಲೀಗ್ ಗೆದ್ದ ತಂಡದಲ್ಲಿದ್ದ. ಈಗ ಹೇಳಿ, ಇವರಿಬ್ಬರಲ್ಲಿ ಧೈರ್ಯವಂತ ಯಾರು? ಆ ಪದ ಇಲ್ಲಿ ಏನನ್ನೂ ಹೇಳುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ನಿಮಿಷ ಆಡಲು ಸಿಕ್ಕಿತು ಅಂತ ಕೇಳುತ್ತಾ ಹೋಗಿ. ನಿಮ್ಮ ವಾದ ತಾನಾಗಿ ಬದಲಾಗುತ್ತದೆ. 2027ರಿಂದ ಯೂರೋಪಿನ ಹಾಗೆ ಬೇಸಿಗೆಯಲ್ಲಿ ಶುರುವಾಗಿ ಮುಂದಿನ ವಸಂತಕ್ಕೆ ಮುಗಿಯುವಂತೆ ಸೀಸನ್ ನಡೆಸಲು ಎಂಎಲ್‌ಎಸ್ ತೀರ್ಮಾನಿಸಿದೆ. ಅದನ್ನೂ ಸೇರಿಸಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕಾಲ್ಚೆಂಡಿನ ಮಾಂತ್ರಿಕ ಲೋಕ’ದಿಂದ ಶುರುವಾಗುವ ಮೊದಲ ಎರಡು ಪ್ಯಾರಾ ತೆಗೆಯಿರಿ. ‘ಮಧ್ಯ ಕ್ಷೇತ್ರಪಾಲಕ’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮಿಡ್‌ಫೀಲ್ಡರ್ ಎನ್ನಿ. ಕೋಲಾರದಲ್ಲಿ ಆಡುವ ಹುಡುಗರೂ ಹಾಗೇ ಅನ್ನುತ್ತಾರೆ. ಪಾರ್ಕಿಂಗ್ ಲಾಟ್‌ನ ಮೂರು ಸಾಲಿನಲ್ಲಿ ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ಅಂದರೆ, ಉಳಿದದ್ದನ್ನು ಬೇರೆ ಯಾರೋ ಬರೆದಂತೆ ಅನಿಸಿತು.

ಇನ್ನು ನಿಮ್ಮ ಮಗ. ಅವನು ಪ್ರಾಕ್ಟೀಸಿಗೆ ಹೋಗಿದ್ದಾನೆ ಎನ್ನುವುದು ಬಿಟ್ಟರೆ ಲೇಖನದಲ್ಲಿ ಅವನೇ ಇಲ್ಲ. 14 ವರ್ಷ ಎಂದು ಪತ್ರದಲ್ಲಿ ಬರೆದಿದ್ದೀರಿ. ಅವನ ಅಜ್ಜಿಯರು ತಿಪಟೂರು, ಅರಸೀಕೆರೆಯವರು ಎಂದೂ ಬರೆದಿದ್ದೀರಿ. ಆ ಊರುಗಳ ಜನನ ಪತ್ರದಿಂದ ಡಾರ್ಟ್‌ಮಂಡ್ ಬಾಗಿಲು 16ಕ್ಕೆ ತೆರೆಯುವುದಿಲ್ಲ. ಅಂದರೆ ನಿಮ್ಮ ಮನೆಯ ಲೆಕ್ಕವೇ ಬೇರೆ: 18ರವರೆಗೆ ಅಕಾಡೆಮಿಯೋ, ಕಾಲೇಜೋ, ಡಲ್ಲಾಸ್‌ನ ಒಪ್ಪಂದವೋ. ಅವನು ಅಷ್ಟು ದೂರ ಹೋಗದೆಯೂ ಇರಬಹುದು, ಹೆಚ್ಚಿನ ಹುಡುಗರು ಹೋಗುವುದಿಲ್ಲ. ಆದರೂ ಪಕ್ಕದ ಕಾರಿನವರ ಫೋನ್ ಮಾತು ಕೇಳುತ್ತಾ ನಿಮಗೆ ಏನನಿಸಿತು? ಹೊಟ್ಟೆಕಿಚ್ಚು ಆಯಿತೇ? ಸಮಾಧಾನವೇ? ಅದನ್ನು ಬರೆಯಲು ನೀವು ಹಿಂಜರಿದಿದ್ದೀರಿ ಅಂತ ನನ್ನ ಊಹೆ. ಮಗನನ್ನು ಕೇಳಿ, ಅವನು ಒಪ್ಪಿದರೆ ಬರೆಯಿರಿ. ಒಪ್ಪದಿದ್ದರೆ ನಿಮ್ಮ ಮನಸ್ಸಿನದನ್ನಷ್ಟೇ ಬರೆಯಿರಿ.

ಅವಸರ ಬೇಡ, ಒಂದು ತಿಂಗಳು ತೆಗೆದುಕೊಳ್ಳಿ. ನಾಲ್ಕು ಪುಟ ಸಾಕು. ಇನ್ನೊಂದು ಸಂಜೆ ಬೇಗ ಹೋಗಿ ಆ ತಂದೆಯ ಜೊತೆ ಮಾತಾಡಿ. ಬರೆಯುತ್ತಿದ್ದೀರಿ ಅಂತ ಹೇಳಿಯೇ ಮಾತಾಡಿ, ಹೆಸರು ಹಾಕುವುದು ಬೇಡ. ಜನನ ಪತ್ರ ಸಿಕ್ಕಿತಾ, ಹುಡುಗನಿಗೆ ಹೋಗುವ ಆಸೆ ಇದೆಯಾ ಅಂತ ಕೇಳಿಕೊಂಡು ಬನ್ನಿ. ಹೊಸ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.

ಪ್ರೀತಿಯಿಂದ,
ಸಂಪಾದಕ