ಓದುಗರ ಪ್ರಶ್ನೆ, ಗಣಿತದ ಮೇಷ್ಟ್ರ ಉತ್ತರ: ಕನ್ನಡಕ್ಕೆ ಹದಿನೈದು ಲಕ್ಷ ಅಕ್ಷರಗಳೇ?

ಪ್ರಶ್ನೆ: ಕನ್ನಡದಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ, ಬೇರೆ ಯಾವ ಭಾಷೆಗೂ ಈ ಹೆಗ್ಗಳಿಕೆ ಇಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಗಣಿತದ ಪ್ರಕಾರ ನಿಜವೇ?

ಉತ್ತರ: ನವೆಂಬರ್ ಹತ್ತಿರವಾದರೆ ಈ ಪ್ರಶ್ನೆ ಬಾರದೇ ಇರುವುದಿಲ್ಲ. ಗುಣಾಕಾರ ಸರಿಯಾಗಿದೆ, ತೀರ್ಮಾನ ಪೊಳ್ಳು. ಎರಡನ್ನೂ ಬಿಡಿಸಿ ಹೇಳುತ್ತೇನೆ, ಇನ್ನು ಮುಂದೆ ಕೇಳಬೇಡಿ.

ವರ್ಣಮಾಲೆಯಲ್ಲಿ ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49. ಕ್ಷ, ಜ್ಞಗಳನ್ನು ಸೇರಿಸಿ 51 ಎನ್ನುವವರು ಅವು ಒತ್ತಕ್ಷರಗಳೆಂಬುದನ್ನು ಮರೆತಿರುತ್ತಾರೆ. ಈಗ ಒಂದು ವ್ಯಂಜನ ತೆಗೆದುಕೊಳ್ಳಿ. ಅದಕ್ಕೆ 13 ಸ್ವರಗಳಲ್ಲಿ ಯಾವುದಾದರೂ ಸೇರಬಹುದು. ಆಮೇಲೆ ಅನುಸ್ವಾರ, ವಿಸರ್ಗ, ಇಲ್ಲವೇ ಏನೂ ಇಲ್ಲ, ಹೀಗೆ ಮೂರು ದಾರಿ. 34 × 13 × 3 = 1,326. ಕಾಗುಣಿತದ ಕೋಷ್ಟಕ ನೋಡಿ 34 × 15 = 510 ಎಂದು ಬರೆಯುವವರು 'ಕಂ' ಎಣಿಸಿ 'ಕಿಂ' ಬಿಟ್ಟಿರುತ್ತಾರೆ.

ಒಂದು ಒತ್ತು ಬಂದರೆ ವ್ಯಂಜನದ ಜಾಗ ಎರಡು, ಸ್ವರದ ಕಡೆ ಅದೇ 13 × 3 = 39: 34 × 34 × 39 = 45,084. ಎರಡು ಒತ್ತು ಬಂದರೆ 34 × 34 × 34 × 39 = 15,32,856. ಈ ಮೂರಕ್ಕೂ ಬರಿಯ ಸ್ವರಗಳ 39 ಕೂಡಿಸಿದರೆ ಒಟ್ಟು 15,79,305. ನಿಮ್ಮ ಸಂದೇಶದ ಹದಿನೈದು ಲಕ್ಷ ಹುಟ್ಟುವುದು ಇಲ್ಲಿಂದಲೇ. ಮೂರನೇ ಒತ್ತನ್ನೂ ಹಾಕಿದರೆ ಐದು ಕೋಟಿ ದಾಟುತ್ತದೆ. ಅದನ್ನೇಕೆ ಬಿಟ್ಟರೋ!

ಒಂದೊಂದು ಜಾಗದ ಆಯ್ಕೆಗಳನ್ನು ಹೀಗೆ ಗುಣಿಸುವ ಎಣಿಕೆಯ ಮೂಲತತ್ವ ಹೇಳುವುದು ಎಷ್ಟು ಬಗೆ ಸಾಧ್ಯ ಎಂಬುದನ್ನು ಮಾತ್ರ. ಅದೂ ಒಂದು ಜಾಗದ ಆಯ್ಕೆ ಮುಂದಿನ ಜಾಗದಲ್ಲಿ ಉಳಿಯುವ ಆಯ್ಕೆಗಳ ಸಂಖ್ಯೆಯನ್ನು ಬದಲಿಸದಿದ್ದಾಗ. ಭಾಷೆಯಲ್ಲಿ ಅಂಥ ಸ್ವಾತಂತ್ರ್ಯ ಎಲ್ಲಿದೆ? ಙ ಮೊದಲಾಗುವ 34 ಜೋಡಿಗಳನ್ನೇ ನೋಡಿ. ಈಗಿನ ಬರವಣಿಗೆಯಲ್ಲಿ ನನಗೆ ಥಟ್ಟನೆ ಹೊಳೆಯುವುದು 'ವಾಙ್ಮಯ'ದ ಙ್ಮ ಒಂದೇ. ಮಹಾಪ್ರಾಣಕ್ಕೆ ಅದೇ ಮಹಾಪ್ರಾಣ ಒತ್ತಾಗುವುದೂ ಅಪರೂಪ: 'ಬುದ್ಧಿ'ಯಲ್ಲಿ ದಕಾರಕ್ಕೆ ಧ ಒತ್ತು, 'ಇಚ್ಛೆ'ಯಲ್ಲಿ ಚಕಾರಕ್ಕೆ ಛ ಒತ್ತು. ('ವಿಠ್ಠಲ' ಎಂದು ಬರೆಯುವವರಿದ್ದಾರೆ, ದೇವರ ಹೆಸರು, ಜಗಳ ಬೇಡ.) ಮೂರು ವ್ಯಂಜನ ಕೂಡಿದವು ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಸ್ವಾತಂತ್ರ್ಯ ಎಂದು ಬೆರಳು ಮಡಿಸುತ್ತಾ ಹೋಗಿ, ಕೈ ಎಷ್ಟು ಬೇಗ ಖಾಲಿಯಾಗುತ್ತದೆ ತಿಳಿಯುತ್ತದೆ. ಆ ಲಕ್ಷಗಳಲ್ಲಿ ಬಹುಪಾಲು 'ಠ್ಙ್ಝೌಃ' ಜಾತಿಯವು. ಇದನ್ನು ಉಚ್ಚರಿಸಿ ತೋರಿಸಿದವರಿಗೆ ನನ್ನ ನಮಸ್ಕಾರ.

ಇಷ್ಟು ಅಕ್ಷರ ನಿಮ್ಮ ಮೊಬೈಲಿನಲ್ಲೂ ಇಲ್ಲ. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128, ಅದೂ ಪೂರ್ತಿ ತುಂಬಿಲ್ಲ. 'ಸ್ತ್ರೀ' ಒಳಗೆ ಉಳಿಯುವುದು ಸ, ವಿರಾಮ ಚಿಹ್ನೆ (ಪೂರ್ಣವಿರಾಮವಲ್ಲ, ವ್ಯಂಜನದ ಸ್ವರ ಕಳೆಯುವ ಗುರುತು), ತ, ಮತ್ತೆ ವಿರಾಮ ಚಿಹ್ನೆ, ರ, 'ಈ' ಸ್ವರದ ಚಿಹ್ನೆ ಎಂಬ ಆರು ಸಂಕೇತಗಳಾಗಿ. ಜೋಡಿಸಿ ತೋರಿಸುವ ಕೆಲಸ ಫಾಂಟಿನದು.

ಇನ್ನು ಹೆಗ್ಗಳಿಕೆ. ಇದೇ ಗುಣಾಕಾರವನ್ನು ತೆಲುಗಿಗೂ ದೇವನಾಗರಿಗೂ ಮಾಡಬಹುದು, ಅಲ್ಲೂ ಲಕ್ಷಗಳೇ ಬರುತ್ತವೆ. ಅಭಿಮಾನ ಪಡಲೇಬೇಕೆಂದರೆ ಮಹಾವೀರಾಚಾರ್ಯನ ಬಗ್ಗೆ ಪಡಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ 'ಗಣಿತಸಾರಸಂಗ್ರಹ'ದಲ್ಲಿ ಆತ ಸಾಮಾನ್ಯ ಸೂತ್ರ ಕೊಟ್ಟ. ಕೆಳಗೆ 1, 2, 3 ಎಂದು ಏರುತ್ತಾ, ಮೇಲೆ ಕೊನೆಯಿಂದ ಇಳಿಯುತ್ತಾ ಬರೆದು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸು ಎಂಬುದು ಅದರ ತಿರುಳು. ಷಡ್ರಸಗಳಲ್ಲಿ ಮೂರನ್ನು ಆರಿಸಲು 6 × 5 × 4 ಭಾಗಿಸು 1 × 2 × 3, ಅಂದರೆ 20 ಬಗೆ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಪ್ರಶ್ನೆ: 'ಕನಕ' ಎಂಬ ಹೆಸರಿನ ಅಕ್ಷರಗಳನ್ನು 6 ರೀತಿ ಜೋಡಿಸಬಹುದೆಂದು ಮಗಳು ಬರೆದಳು. ಉತ್ತರ 3 ಎಂದು ಅಂಕ ಕಳೆದಿದ್ದಾರೆ.

ಉತ್ತರ: ಕಳೆದದ್ದು ಸರಿ. ಎರಡು 'ಕ'ಗಳನ್ನು ಅದಲುಬದಲು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಪರೀಕ್ಷೆಯಲ್ಲಿ ಕ್ರಮಯೋಜನೆ (ಕ್ರಮವಿಟ್ಟು ಜೋಡಿಸುವುದು) ಯಾವುದು, ವಿಕಲ್ಪ (ಕ್ರಮ ನೋಡದೆ ಆರಿಸುವುದು) ಯಾವುದು ಎಂದು ಪತ್ತೆಹಚ್ಚುವ ಸುಲಭ ಸೂತ್ರ ಇದೆಯೇ?

ಉತ್ತರ: ಇಲ್ಲ. ಪ್ರಶ್ನೆಯನ್ನು ಎರಡು ಸಲ ಓದಿ.

ಪ್ರಶ್ನೆ: ಆರು ಅಕ್ಷರದ ಇಂಗ್ಲಿಷ್ ಪಾಸ್‌ವರ್ಡ್‌ಗೆ 30 ಕೋಟಿಗೂ ಹೆಚ್ಚು ಸಾಧ್ಯತೆಗಳಿವೆಯಂತೆ. ಭದ್ರ ತಾನೇ?

ಉತ್ತರ: 26ನ್ನು ಆರು ಸಲ ಗುಣಿಸಿದರೆ 30,89,15,776, ನಿಜ. ಕಂಪ್ಯೂಟರಿಗೆ ಅದೇನೂ ದೊಡ್ಡ ಸಂಖ್ಯೆಯಲ್ಲ. ಮೇಲಾಗಿ ನೀವು ಇಟ್ಟಿರುವುದು ಮೊಮ್ಮಗನ ಹೆಸರೇ ಇರಬೇಕು. ಕದಿಯುವವನು ಹೆಸರುಗಳಿಂದಲೇ ಶುರುಮಾಡುತ್ತಾನೆ, 30 ಕೋಟಿ ತಡಕುವುದಿಲ್ಲ. ಹನ್ನೆರಡಕ್ಕಿಂತ ಕಡಿಮೆ ಅಕ್ಷರ ನಾನಂತೂ ಇಡುವುದಿಲ್ಲ, ಅದನ್ನೂ ಚೀಟಿ ಎತ್ತಿದ ಹಾಗೆ ಆರಿಸುತ್ತೇನೆ.

ಪ್ರಶ್ನೆ: ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಒಂದು ಅಕ್ಷರ ಸೇರಿಸಿ, ಅಕ್ಷರಗಳಿಗೆ ಕೊಡುವ ಅಂಕಿಗಳ ಮೊತ್ತ 5 ಬರುವಂತೆ ಮಾಡಿದರೆ ವ್ಯಾಪಾರ ಕುದುರುತ್ತದೆಂದು ಸಂಖ್ಯಾಶಾಸ್ತ್ರಜ್ಞರೊಬ್ಬರು ಹೇಳಿದ್ದಾರೆ. ಶುಲ್ಕ ಕೊಡಬಹುದೇ?

ಉತ್ತರ: ಎಷ್ಟೇ ಉದ್ದದ ಹೆಸರಾದರೂ ಕೂಡಿಸಿ ಕೂಡಿಸಿ ಒಂದಂಕಿಗೆ ಇಳಿಸಿದರೆ ಉಳಿಯುವುದು 1ರಿಂದ 9. ಅರವತ್ತು ಮಕ್ಕಳ ತರಗತಿಯಲ್ಲಿ ಕನಿಷ್ಠ ಏಳು ಮಂದಿಗೆ ಒಂದೇ ಸಂಖ್ಯೆ ಬಂದೇ ಬರಬೇಕು. ಅವರೆಲ್ಲರ ಅಂಗಡಿಯೂ ಒಂದೇ ದಿನ ಕುದುರುತ್ತದೆಯೋ ಎಂದು ಆತನನ್ನೇ ಕೇಳಿ, ಶುಲ್ಕ ಕೊಡುವ ಮೊದಲು. ಹೆಸರು ಬದಲಿಸಿದ ಮೇಲೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ತಿದ್ದಿಸಿಕೊಂಡು ಅಲೆಯುವವರು ನೀವೇ.